ಒಳ್ಳೆ ಸಿಸ್ಟರ್ ಒಳ್ಳೆ ಇನ್‌ಚಾರ್ಜ್ ಆಗೋದು ಎರಡು ದಿನದ ಟ್ರೈನಿಂಗ್‌ನಿಂದಲ್ಲ

ಪ್ರಶ್ನೆ: ನಾನು ಕುಮಟಾ ಕಡೆಯವಳು. ಮುಂಬೈ ಪಕ್ಕದ ಠಾಣೆ ಊರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ 11 ವರ್ಷದಿಂದ ನರ್ಸ್. ನಾಲ್ಕು ತಿಂಗಳ ಹಿಂದೆ 32 ಬೆಡ್ಡಿನ ಮೆಡಿಕಲ್ ವಾರ್ಡಿಗೆ ಇನ್‌ಚಾರ್ಜ್ ಮಾಡಿದರು. ಕೈಕೆಳಗೆ 19 ಜನ, ಅದರಲ್ಲಿ ಇಬ್ಬರು ಹೆರಿಗೆ ರಜೆಯಲ್ಲಿದ್ದಾರೆ. ನಿನ್ನೆವರೆಗೆ ಜೊತೆಗೆ ಡಬ್ಬಿ ಬಿಚ್ಚಿ ಊಟ ಮಾಡಿದವರು ಈಗ ನಾನು ಏನಾದರೂ ಹೇಳಿದರೆ ಮುಖ ತಿರುಗಿಸುತ್ತಾರೆ. ಮೇಲಿನವರು ಎಲ್ಲಕ್ಕೂ ನನ್ನನ್ನೇ ಬೈಯುತ್ತಾರೆ. ಆಸ್ಪತ್ರೆಯವರು ಎರಡು ದಿನದ ಲೀಡರ್‌ಶಿಪ್ ಟ್ರೈನಿಂಗ್‌ಗೆ ಕಳಿಸಿದರು. ಸರ್ಟಿಫಿಕೇಟ್ ಬಂತು, ವಾರ್ಡಿನಲ್ಲಿ ಏನೂ ಬದಲಾಗಲಿಲ್ಲ. ಎಂಬಿಎ ಮಾಡಲಾ? ಅಥವಾ ವಾಪಸ್ ಸ್ಟಾಫ್ ನರ್ಸ್ ಆಗಿಬಿಡಲಾ?

ಉತ್ತರ: ಸಿಸ್ಟರ್, ಮೊದಲು ನಿಮ್ಮ ವಾರ್ಡಿನ ಲೆಕ್ಕ ನೋಡೋಣ. ನಾಯಕತ್ವದ ಮಾತು ಆಮೇಲೆ.

ನಿಮ್ಮ ಪತ್ರ ಓದಿದ ತಕ್ಷಣ ನಾನು ಪೆನ್ನು ತೆಗೆದು ಮಾಡಿದ್ದು ಇದನ್ನೇ. 32 ಬೆಡ್. ಜನರಲ್ ವಾರ್ಡಿನಲ್ಲಿ 6 ಪೇಶಂಟಿಗೆ ಒಬ್ಬ ನರ್ಸ್ ಅನ್ನೋದು ನಮ್ಮಲ್ಲಿ ಹಳೇ ಅಳತೆ. ಅದರ ಪ್ರಕಾರ ಬೆಳಗ್ಗೆ 6 ಜನ ಬೇಕು. ಮಧ್ಯಾಹ್ನ 5, ರಾತ್ರಿ 4 ಅಂತ ಕೈ ಬಿಗಿಹಿಡಿದು ಹಾಕಿದರೂ ದಿನಕ್ಕೆ 15 ಡ್ಯೂಟಿ ಆಯಿತು. ಈಗ ಒಬ್ಬ ನರ್ಸ್ ವರ್ಷಕ್ಕೆ ಎಷ್ಟು ದಿನ ಕೆಲಸಕ್ಕೆ ಸಿಗುತ್ತಾಳೆ? 365ರಲ್ಲಿ ವಾರದ ಆಫ್ 52 ಹೋಯಿತು. ಸಿಎಲ್, ಪಿಎಲ್, ಸಿಕ್ ಲೀವ್, ಹಬ್ಬದ ರಜೆ ಎಲ್ಲ ಸೇರಿ ಒಂದು 40 ಅಂತ ಇಟ್ಟುಕೊಳ್ಳಿ. ಉಳಿದದ್ದು 273. ಅಂದರೆ ಒಂದು ಡ್ಯೂಟಿಯನ್ನು ವರ್ಷಪೂರ್ತಿ ತುಂಬಿಸಲು 1.34 ಜನ ಬೇಕು. 15 ಡ್ಯೂಟಿಗೆ 20 ಜನ. ನಿಮ್ಮ ಹತ್ತಿರ ಕಾಗದದ ಮೇಲೆ 19, ನಿಜವಾಗಿ 17. ಹದಿನೇಳು ಜನರಿಂದ ದಿನಕ್ಕೆ 12 ಚಿಲ್ಲರೆ ಡ್ಯೂಟಿ ಹೊರಡುತ್ತದೆ, ಅಷ್ಟೇ. ದಿನಾ ಎರಡು ಡ್ಯೂಟಿಗಿಂತ ಜಾಸ್ತಿ ಖೋತಾ. ಅದನ್ನು ಡಬಲ್ ಡ್ಯೂಟಿ ಮಾಡಿಸಿ, ಆಫ್ ಕ್ಯಾನ್ಸಲ್ ಮಾಡಿ, ನೀವೇ ಏಪ್ರನ್ ಕಟ್ಟಿಕೊಂಡು ನಿಂತು ತುಂಬಿಸುತ್ತಿದ್ದೀರಿ. ಹೌದಲ್ವಾ?

ಆಫ್ ಕ್ಯಾನ್ಸಲ್ ಆದ ನರ್ಸ್ ನಿಮ್ಮನ್ನು ನೋಡಿ ಮುಖ ತಿರುಗಿಸುವುದಕ್ಕೆ ನಿಮ್ಮ ಗುಣ ಕಾರಣ ಅಲ್ಲ. ಆ ಆಫಿನಲ್ಲಿ ಅವಳು ಮಗನ ಸ್ಕೂಲಿಗೆ ಹೋಗಬೇಕಿತ್ತು. ಇದನ್ನು ಮೊದಲೇ ಯಾಕೆ ಹೇಳಿದೆ ಅಂದರೆ, ಹೊಸ ಇನ್‌ಚಾರ್ಜ್‌ಗಳಲ್ಲಿ ಅರ್ಧಕ್ಕರ್ಧ ಜನ ಗಣಿತದ ಸಮಸ್ಯೆಯನ್ನು ತಮ್ಮ ಸ್ವಭಾವದ ಸಮಸ್ಯೆ ಅಂದುಕೊಂಡು ಅಳುತ್ತಾ ಮನೆಗೆ ಹೋಗುತ್ತಾರೆ. ನಾನೂ ಹಾಗೆ ಹೋದವಳೇ, ಸಂಜೆಯ ಕಲ್ಯಾಣ್ ಲೋಕಲ್‌ನಲ್ಲಿ, ಲೇಡೀಸ್ ಡಬ್ಬಿಯ ಬಾಗಿಲ ಹತ್ತಿರ ನಿಂತು.

ಈಗ ಟ್ರೈನಿಂಗ್ ವಿಷಯ. ನೀವು ಹೋಗಿದ್ದ ಎರಡು ದಿನದ ಕಾರ್ಯಕ್ರಮದಲ್ಲಿ ಏನಿತ್ತು ಅಂತ ನೀವು ಬರೆದಿಲ್ಲ, ಆದರೆ ನಾನು ಊಹಿಸಬಲ್ಲೆ. ನಾಯಕತ್ವದ ಶೈಲಿಗಳು, ಒಂದು ಬಲೂನ್ ಆಟ, ಮಧ್ಯಾಹ್ನ ಪನೀರ್ ಊಟ, ಕೊನೆಗೆ ಗ್ರೂಪ್ ಫೋಟೋ. ನಮ್ಮಲ್ಲಿ ಹೆಚ್ಚಿನವರು ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮೂರನೇ ವರ್ಷದಲ್ಲಿ ವಾರ್ಡ್ ಮ್ಯಾನೇಜ್‌ಮೆಂಟ್ ಓದಿದವರು. ಪೋಸ್ಡ್‌ಕಾರ್ಬ್ ಅಂತ ಬಾಯಿಪಾಠ ಮಾಡಿ ಐದು ಮಾರ್ಕು ತೆಗೆದುಕೊಂಡವರು. ಅದು ಪ್ಲಾನಿಂಗ್‌ನಿಂದ ಬಜೆಟಿಂಗ್‌ವರೆಗೆ ಆಡಳಿತದ ಏಳು ಕೆಲಸಗಳ ಮೊದಲಕ್ಷರ ಸೇರಿಸಿ 1937ರಲ್ಲಿ ಲೂಥರ್ ಗುಲಿಕ್ ಎಂಬ ಅಮೆರಿಕನ್ ಆಡಳಿತ ತಜ್ಞ ಮಾಡಿದ ಪದ. ಸರಕಾರಿ ಕಚೇರಿ ನಡೆಸೋರಿಗೆ ಮಾಡಿದ್ದು. ರಾತ್ರಿ ಎರಡೂವರೆಗೆ ವೆಂಟಿಲೇಟರ್ ಪೇಶಂಟ್ ಶಿಫ್ಟ್ ಆಗಿ ಬರುತ್ತಿದೆ, ಆಕ್ಸಿಜನ್ ಪಾಯಿಂಟ್ ಕೆಲಸ ಮಾಡುತ್ತಿಲ್ಲ, ಮಾವಶಿ (ವಾರ್ಡಿನ ಆಯಾ) ಊಟಕ್ಕೆ ಹೋಗಿದ್ದಾಳೆ, ಆಗ ಪೋಸ್ಡ್‌ಕಾರ್ಬ್ ಏನು ಮಾಡುತ್ತೆ?

ಟ್ರೈನಿಂಗ್ ಬೇಡ ಅಂತ ನಾನು ಹೇಳುತ್ತಿಲ್ಲ, ನನ್ನ ಹೊಟ್ಟೆಪಾಡೇ ಅದು ಈಗ. ಪುಣೆಯಲ್ಲಿ ವಾರ್ಡ್ ಇನ್‌ಚಾರ್ಜ್‌ಗಳಿಗೆ ಕಲಿಸುತ್ತೇನೆ. ಆದರೆ ಈಜು ಕಲಿಸುವವರು ಎರಡು ದಿನ ದಡದಲ್ಲಿ ಕೂರಿಸಿ ಪಾಠ ಹೇಳಿ, ಮೂರನೇ ದಿನ ನೀರಿಗೆ ತಳ್ಳಿ ಹೋಗಿಬಿಟ್ಟರೆ ಹೇಗೆ? ಅದಕ್ಕೇ ನಾನು ಆಸ್ಪತ್ರೆಯವರಿಗೆ ಹೇಳುವುದು: ಎರಡು ದಿನದ ಬದಲು, ಹದಿನೈದು ದಿನಕ್ಕೊಮ್ಮೆ ಎರಡು ಗಂಟೆ ಕೊಡಿ, ಆರು ತಿಂಗಳು. ಪ್ರತಿಸಲ ಇನ್‌ಚಾರ್ಜ್ ತನ್ನ ವಾರ್ಡಿನ ಒಂದು ನಿಜವಾದ ತೊಂದರೆ ತರಲಿ. ಹತ್ತಾರು ವರ್ಷ ವಾರ್ಡ್ ನಡೆಸಿದ ಒಬ್ಬ ಸಿಸ್ಟರ್ ಎದುರಿಗೆ ಕೂತಿರಲಿ. ಕೆಲವರು ಒಪ್ಪುತ್ತಾರೆ. ಜಾಸ್ತಿ ಜನ ಬಲೂನ್‌ನವರನ್ನೇ ಕರೆಸುತ್ತಾರೆ. ಆಡಿಟ್ ಫೈಲಿನಲ್ಲಿ ಫೋಟೋ ಹಾಕೋಕೆ ಅದೇ ಸುಲಭ.

ನಿಮಗೆ ನಿಜವಾಗಿ ಆಗಿರೋದು ಏನು ಅಂದರೆ, ನಿಮ್ಮ ಕೆಲಸವೇ ಬದಲಾಗಿದೆ, ಅದನ್ನು ಯಾರೂ ನಿಮಗೆ ಹೇಳಿಲ್ಲ. ಸಿಗದ ವೇನ್ ಹುಡುಕಿ ಕ್ಯಾನುಲಾ (ಸಲೈನ್ ಕೊಡುವ ನಳಿಕೆ) ಹಾಕುವವಳು ಅಂತ, ಸಿಟ್ಟಾದ ರಿಲೇಟಿವ್‌ಗಳನ್ನು ಸಮಾಧಾನ ಮಾಡುವವಳು ಅಂತ ನಿಮ್ಮನ್ನು ಮೇಲೆ ಹಾಕಿದರು. ಈಗ ಆ ಎರಡೂ ಕೆಲಸ ನಿಮ್ಮದಲ್ಲ. ಈಗಲೂ ಕ್ಯಾನುಲಾ ಸಿಗದಿದ್ದರೆ ನಿಮ್ಮನ್ನೇ ಕರೆಯುತ್ತಾರೆ ಅಲ್ವಾ, ನೀವೂ ಖುಷಿಯಿಂದ ಓಡುತ್ತೀರಿ. ಆ ಹೊತ್ತಿಗೆ ನರ್ಸಿಂಗ್ ಸ್ಟೇಷನ್‌ನಲ್ಲಿ ನಾರ್ಕೋಟಿಕ್ ರಿಜಿಸ್ಟರ್, ಅಂದರೆ ಮಾರ್ಫಿನ್‌ನಂಥ ಔಷಧಗಳ ಲೆಕ್ಕದ ಪುಸ್ತಕ, ತೆರೆದೇ ಬಿದ್ದಿರುತ್ತದೆ.

ಫ್ಲಾರೆನ್ಸ್ ನೈಟಿಂಗೇಲ್ ಅಂದರೆ ನಮಗೆ ಮೇ 12ರ ನರ್ಸ್‌ಗಳ ದಿನ ಹಚ್ಚುವ ದೀಪ ಮಾತ್ರ ನೆನಪಾಗುತ್ತದೆ. ಆದರೆ ಆಕೆ ಉಸ್ತುವಾರಿ ಬಗ್ಗೆ ಒಂದು ಒಳ್ಳೆ ಮಾತು ಬರೆದಿದ್ದಾಳೆ, ನೂರ ಅರವತ್ತು ವರ್ಷದ ಹಿಂದೆ. ಉಸ್ತುವಾರಿ ಇರುವವಳು ತನ್ನನ್ನು ಕೇಳಿಕೊಳ್ಳಬೇಕಾದ್ದು, ಈ ಸರಿಯಾದ ಕೆಲಸವನ್ನು ನಾನೇ ಯಾವಾಗಲೂ ಹೇಗೆ ಮಾಡಲಿ ಅಂತ ಅಲ್ಲ, ನಾನಿರಲಿ ಬಿಡಲಿ ಅದು ಯಾವಾಗಲೂ ಆಗೋ ಹಾಗೆ ಹೇಗೆ ನೋಡಿಕೊಳ್ಳಲಿ ಅಂತ. ಭಾವ ಇದು, ಮಾತು ನನ್ನದು.

ಇದಕ್ಕೆ ಮುಂಬೈಯಲ್ಲೇ ಒಂದು ಉದಾಹರಣೆ ಇದೆ, ನಿಮ್ಮ ಊರಿನ ಪಕ್ಕದ್ದೇ. ಹೊನ್ನಾವರ ತಾಲೂಕಿನ ಹಳದೀಪುರದ ಅರುಣಾ ಶಾನಭಾಗ್. ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು, 1973ರ ನವೆಂಬರಿನಲ್ಲಿ ಅಲ್ಲೇ ಹಲ್ಲೆಗೆ ಒಳಗಾಗಿ ಮತ್ತೆ ಮೇಲೇಳಲೇ ಇಲ್ಲ. 2015ರ ಮೇ ತಿಂಗಳಲ್ಲಿ ತೀರಿಕೊಳ್ಳುವವರೆಗೆ, 41 ವರ್ಷಕ್ಕೂ ಮಿಕ್ಕಿ, ಅದೇ ಆಸ್ಪತ್ರೆಯ ನರ್ಸ್‌ಗಳು ನೋಡಿಕೊಂಡರು. 2011ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಮನಸಾರೆ ಹೊಗಳಿತು. ಎಲ್ಲರೂ ಅದನ್ನು ಪ್ರೀತಿ ಅಂತಾರೆ. ಪ್ರೀತಿ ಹೌದು. ಆದರೆ ಇನ್‌ಚಾರ್ಜ್ ಕಣ್ಣಿನಿಂದ ನೋಡಿ: ನಲವತ್ತು ವರ್ಷದಲ್ಲಿ ಎಷ್ಟು ಬ್ಯಾಚ್ ರಿಟೈರ್ ಆಗಿ ಹೋಗಿರಬೇಕು, ಎಷ್ಟು ಮೇಟ್ರನ್ ಬದಲಾಗಿರಬೇಕು, ಕೊನೆಗೆ ನೋಡಿಕೊಂಡವರಲ್ಲಿ ಎಷ್ಟೋ ಜನ 1973ರಲ್ಲಿ ಹುಟ್ಟಿಯೇ ಇರಲಿಲ್ಲ, ಆದರೂ ಪ್ರತಿ ಶಿಫ್ಟಿನಲ್ಲಿ ಯಾರೋ ಒಬ್ಬರು ಪೊಸಿಷನ್ ಬದಲಿಸಿದರು, ಬಾಯಿ ಕ್ಲೀನ್ ಮಾಡಿದರು, ತಿನ್ನಿಸಿದರು, ಮುಂದಿನ ಶಿಫ್ಟಿನವರಿಗೆ ಓವರ್ (ಪೇಶಂಟ್ ಸ್ಥಿತಿಯ ವಿವರ) ಕೊಟ್ಟು ಹೋದರು. ಪ್ರೀತಿಯೊಂದರಿಂದಲೇ ಇದು ನಡೆಯುವುದಿಲ್ಲ.

ನಿಮ್ಮ ವಾರ್ಡಿನಲ್ಲಿ ನೀವು ಕಲಿಯಬೇಕಾದ ಮೊದಲ ಪಾಠ ಡ್ಯೂಟಿ ಲಿಸ್ಟ್. ನಾನು ಇದನ್ನು ತಮಾಷೆಗೆ ಹೇಳುತ್ತಿಲ್ಲ. ನೀವು ನ್ಯಾಯವಂತರೋ ಅಲ್ಲವೋ ಅಂತ ನಿಮ್ಮ ಭಾಷಣ ಕೇಳಿ ಯಾರೂ ತೀರ್ಮಾನ ಮಾಡಲ್ಲ, ಗೋಡೆಗೆ ಅಂಟಿಸಿದ ಆ ಒಂದು ಹಾಳೆ ನೋಡಿ ಮಾಡುತ್ತಾರೆ. ದೀಪಾವಳಿ ಆಫ್ ಯಾರಿಗೆ ಸಿಕ್ಕಿತು, ಓಣಂಗೆ ಯಾರು ಊರಿಗೆ ಹೋದರು, ಗಣಪತಿಗೆ ಯಾರು ಡಬಲ್ ಮಾಡಿದರು, ಎಲ್ಲ ಅವರ ತಲೆಯಲ್ಲಿ ಬ್ಯಾಂಕ್ ಪಾಸ್‌ಬುಕ್ ಥರ ಇರುತ್ತದೆ. ಹಾಗಾಗಿ ಒಂದು ನೋಟ್‌ಬುಕ್ ಇಡಿ. ಪ್ರತಿಯೊಬ್ಬರಿಗೂ ಒಂದು ಪುಟ. ನೈಟ್ ಎಷ್ಟು, ಹಬ್ಬದ ಡ್ಯೂಟಿ ಎಷ್ಟು, ಕ್ಯಾನ್ಸಲ್ ಆದ ಆಫ್ ಎಷ್ಟು. ಎಲ್ಲರೂ ತೆರೆದು ನೋಡುವ ಹಾಗಿರಲಿ. ನನ್ನ ಅನುಭವದಲ್ಲಿ ಅರ್ಧ ಜಗಳ ಇದರಿಂದಲೇ ನಿಂತುಹೋಗುತ್ತದೆ, ಯಾಕಂದರೆ ಅನುಮಾನಕ್ಕೆ ಜಾಗ ಇರುವುದಿಲ್ಲ.

ಲಿಸ್ಟ್ ಹಾಕುವಾಗ ಯಾರು ಎಲ್ಲಿಂದ ಬರುತ್ತಾರೆ ಅಂತ ನೋಡಿ. ಕಲ್ಯಾಣ್ ಆಚೆಯ ಟಿಟ್ವಾಲಾದಿಂದ ಬರುವವಳಿಗೆ ಏಳು ಗಂಟೆಯ ಮಾರ್ನಿಂಗ್ ಸಾಲುಸಾಲಾಗಿ ಕೊಟ್ಟರೆ ಅವಳು ಲೇಟ್ ಆಗೇ ಆಗುತ್ತಾಳೆ. ಆಮೇಲೆ ನೀವು ಮೆಮೊ ಕೊಡುತ್ತೀರಿ. ಆ ಮೆಮೊ ನಿಮಗೇ ಬರೆದುಕೊಳ್ಳಬೇಕಾದ್ದು. ಮಳೆಗಾಲಕ್ಕೆ ಬೇರೆಯೇ ಪ್ಲಾನ್ ಬೇಕು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದು ಲೋಕಲ್ ನಿಂತಾಗ, ಬೆಳಗಿನ ಡ್ಯೂಟಿಯವರು ಮಾರನೇ ದಿನದವರೆಗೂ ನಿಂತರು. ಅವತ್ತು ಯಾವ ಲಿಸ್ಟೂ ಇರಲಿಲ್ಲ, ಇದ್ದವರು ಮಾಡಿದರು. ಈಗ ಹಾಗೆ ಬಿಡಬೇಡಿ. ಲೋಕಲ್ ನಿಂತರೆ ನಡೆದು ಬರುವಷ್ಟು ಹತ್ತಿರ ಯಾರಿದ್ದಾರೆ, ಯಾರ ಮನೆಯಲ್ಲಿ ಹಾಲು ಕುಡಿಯುವ ಮಗು ಇದೆ, ಯಾರನ್ನು ಮೊದಲು ಮನೆಗೆ ಕಳಿಸಬೇಕು, ಜೂನ್‌ಗೆ ಮೊದಲೇ ಬರೆದು ಅಂಟಿಸಿ.

ಡಬ್ಬಿ ಗೆಳತಿಯರ ವಿಷಯಕ್ಕೆ ಬರೋಣ. ಇದು ಮದ್ದಳೆ ಪಾಡು, ಎರಡೂ ಕಡೆ ಪೆಟ್ಟು. ಗೆಳೆತನ ಬಿಡಬೇಕಾಗಿಲ್ಲ, ಆದರೆ ಅದರ ಸ್ವರೂಪ ಬದಲಾಗುತ್ತದೆ, ಅದನ್ನು ಬಾಯಿಬಿಟ್ಟು ಹೇಳಿ. ಒಬ್ಬೊಬ್ಬರನ್ನೇ ಚಹಾಕ್ಕೆ ಕರೆದು, ಡ್ಯೂಟಿ ರೂಮಿನಲ್ಲಿ ಅಲ್ಲ, ಹೊರಗೆ, "ನನಗೆ ಈ ಕೆಲಸ ಹೊಸದು, ನಿನಗೆ ಬೇರೆ ನಿಯಮ ಅವಳಿಗೆ ಬೇರೆ ನಿಯಮ ಮಾಡೋಕೆ ನನಗಾಗಲ್ಲ, ನನ್ನ ತಪ್ಪಿದ್ದರೆ ಎಲ್ಲರ ಮುಂದೆ ಅಲ್ಲ, ನನಗೇ ಬಂದು ಹೇಳು" ಅನ್ನಿ. ಐದು ನಿಮಿಷದ ಮಾತು. ಇದನ್ನು ಮಾಡಲು ನನಗೆ ಎರಡು ವರ್ಷ ಹಿಡಿಯಿತು, ನಾಚಿಕೆಯಿಂದ.

ಇನ್ನೊಂದು ಸೂಕ್ಷ್ಮ ಇದೆ, ನಮ್ಮ ಕನ್ನಡದವರು ಇದನ್ನು ಗಮನಿಸುವುದಿಲ್ಲ. ನಿಮ್ಮ ವಾರ್ಡಿನಲ್ಲಿ ಮರಾಠಿಯವರು, ಮಲಯಾಳಿಗಳು, ಒಂದಿಬ್ಬರು ಮಂಗಳೂರು ಕಡೆಯ ತುಳುವರು, ಬೆಳಗಾವಿ ವಿಜಯಪುರದವರು ಇರುತ್ತಾರೆ. ಇನ್‌ಚಾರ್ಜ್ ಒಬ್ಬ ಸ್ಟಾಫ್ ಜೊತೆ ಕನ್ನಡದಲ್ಲಿ ಪಿಸುಗುಟ್ಟಿ ನಕ್ಕರೆ, ಪಕ್ಕದಲ್ಲಿರುವ ಮರಾಠಿ ಹುಡುಗಿಗೆ ಕೇಳಿಸುವುದು ಒಂದೇ, ಇವಳು ಅವರ ಪೈಕಿ ಅಂತ. ನೀವು ಮಾತಾಡಿದ್ದು ಮಾವಿನಹಣ್ಣಿನ ರೇಟೇ ಇರಬಹುದು. ಡ್ಯೂಟಿ ವಿಷಯ, ಓವರ್, ಬೈಗುಳ, ಹೊಗಳಿಕೆ ಎಲ್ಲವೂ ಎಲ್ಲರಿಗೂ ಅರ್ಥ ಆಗುವ ಭಾಷೆಯಲ್ಲಿರಲಿ. ಕನ್ನಡವನ್ನು ಪೇಶಂಟ್‌ಗಳಿಗೆ ಧಾರಾಳವಾಗಿ ಬಳಸಿ. ಕಲಬುರಗಿಯಿಂದ ಕಟ್ಟಡ ಕೆಲಸಕ್ಕೆ ಬಂದು ಜ್ವರದಲ್ಲಿ ಮಲಗಿದವನಿಗೆ "ಯಾವೂರಪ್ಪ ನಿಂದು?" ಅಂತ ಒಂದು ಮಾತು ಕೇಳಿದರೆ, ಹಿಸ್ಟರಿ ತಾನಾಗೇ ಹೊರಗೆ ಬರುತ್ತದೆ.

ಈಗ ನನ್ನದೇ ತಪ್ಪು ಹೇಳುತ್ತೇನೆ. ನಾನು ಹೊಸದಾಗಿ ಇನ್‌ಚಾರ್ಜ್ ಆಗಿದ್ದಾಗ ಒಬ್ಬ ಚಿಕ್ಕ ಹುಡುಗಿ, ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು, ಪಕ್ಕದ ಬೆಡ್ಡಿನವರ ಇನ್ಸುಲಿನ್ ತಪ್ಪಿ ಇನ್ನೊಬ್ಬರಿಗೆ ಕೊಟ್ಟಳು. ಪೇಶಂಟಿಗೆ ಏನೂ ಆಗಲಿಲ್ಲ, ಅವಳೇ ಓಡಿ ಬಂದು ಹೇಳಿದ್ದರಿಂದ. ನಾನು ಏನು ಮಾಡಿದೆ? ಎಲ್ಲರ ಮುಂದೆ, ರಿಲೇಟಿವ್‌ಗಳಿಗೂ ಕೇಳಿಸುವ ಹಾಗೆ, ಕೂಗಾಡಿದೆ. ಅದಾದ ಮೇಲೆ ಆರು ತಿಂಗಳು ನನ್ನ ವಾರ್ಡಿನಿಂದ ಒಂದೂ ಇನ್ಸಿಡೆಂಟ್ ರಿಪೋರ್ಟ್ (ತಪ್ಪಾದಾಗ ಬರೆದುಕೊಡುವ ವರದಿ) ಬರಲಿಲ್ಲ. ಮೀಟಿಂಗಿನಲ್ಲಿ ನನಗೆ ಚಪ್ಪಾಳೆ. ನಾನೂ ಬೀಗಿದೆ. ಆಮೇಲೆ ಒಂದು ದಿನ ಸ್ಟಾಕ್ ನೋಡುವಾಗ 25 ಪರ್ಸೆಂಟ್ ಡೆಕ್ಸ್‌ಟ್ರೋಸ್ (ಗ್ಲೂಕೋಸ್ ಇಂಜೆಕ್ಷನ್) ಲೆಕ್ಕಕ್ಕಿಂತ ಜಾಸ್ತಿ ಖಾಲಿಯಾಗಿತ್ತು. ಇನ್ಸುಲಿನ್ ತಪ್ಪಾಗಿ ಶುಗರ್ ಇಳಿದವರಿಗೆ ಅದನ್ನು ಸುಮ್ನೆ ಕೊಟ್ಟು, ಯಾರಿಗೂ ಹೇಳದೆ ಮುಚ್ಚಿಹಾಕುತ್ತಿದ್ದರು. ತಪ್ಪುಗಳು ನಿಂತಿರಲಿಲ್ಲ, ನನ್ನ ಕಿವಿಗೆ ಬರುವುದು ನಿಂತಿತ್ತು.

ಇದನ್ನೇ ಹಾರ್ವರ್ಡಿನ ಏಮಿ ಎಡ್ಮಂಡ್ಸನ್ ಲೆಕ್ಕ ಹಾಕಿ ತೋರಿಸಿದ್ದಾರೆ, 1996ರಲ್ಲಿ. ಎರಡು ಆಸ್ಪತ್ರೆಗಳ ನರ್ಸಿಂಗ್ ಯೂನಿಟ್‌ಗಳಲ್ಲಿ ಔಷಧದ ತಪ್ಪುಗಳನ್ನು ನೋಡಿದಾಗ, ಒಳ್ಳೆ ನರ್ಸ್ ಮ್ಯಾನೇಜರ್ ಇರುವ ಕಡೆಯೇ ತಪ್ಪು ಜಾಸ್ತಿ ಕಂಡವು. ಮೊದಲು ಅವರಿಗೇ ಆಶ್ಚರ್ಯ. ಆಮೇಲೆ ಗೊತ್ತಾಯಿತು, ಅಲ್ಲಿ ತಪ್ಪು ಜಾಸ್ತಿ ಆಗುತ್ತಿರಲಿಲ್ಲ, ತಪ್ಪಿನ ಬಗ್ಗೆ ಬಾಯಿಬಿಟ್ಟು ಮಾತಾಡುತ್ತಿದ್ದರು. ನಿಮ್ಮ ವಾರ್ಡಿನಲ್ಲಿ ಮುಂದಿನ ಸಲ ಯಾರಾದರೂ ತಪ್ಪು ಒಪ್ಪಿಕೊಂಡು ಬಂದರೆ, ಮೊದಲ ಮಾತು "ಪೇಶಂಟ್ ಹೇಗಿದ್ದಾರೆ?" ಇರಲಿ. ಎರಡನೆಯದು "ಹೇಳಿದ್ದು ಒಳ್ಳೆದಾಯ್ತು." ಮೂರನೆಯದು "ಹೇಗಾಯ್ತು ತೋರಿಸು." ಯಾರು ಮಾಡಿದ್ದು ಅನ್ನೋದು ಹೇಗೂ ಗೊತ್ತಾಗುತ್ತದೆ. ಬೇಕಂತಲೇ, ಕುಡಿದು, ಅಥವಾ ಸುಳ್ಳು ಚಾರ್ಟಿಂಗ್ ಮಾಡಿ ಸಿಕ್ಕವರಿಗೆ ಈ ಮೃದುತನ ಬೇಡ, ಅವರ ಕತೆ ಬೇರೆ.

ಓವರ್ ಕೊಡುವ ಪದ್ಧತಿ ಸರಿಮಾಡಿ. ಡಾಕ್ಟರಿಗೆ ಫೋನ್ ಮಾಡುವ ಪದ್ಧತಿಯನ್ನೂ. ಎಸ್‌ಬಾರ್ ಅಂತ ನೀವು ಕೇಳಿರುತ್ತೀರಿ. ಅಮೆರಿಕದ ನೌಕಾಪಡೆಯ ಸಬ್‌ಮರೀನ್‌ನವರ ಮಾತಿನ ಕ್ರಮ, ಕೈಸರ್ ಪರ್ಮನೆಂಟೆ ಆಸ್ಪತ್ರೆಗಳ ಮೂಲಕ ನಮ್ಮ ತನಕ ಬಂತು. ಏನಾಗುತ್ತಿದೆ, ಹಿನ್ನೆಲೆ ಏನು, ನನಗೆ ಏನನ್ನಿಸುತ್ತದೆ, ಈಗ ಏನು ಬೇಕು. ನಮ್ಮ ಹುಡುಗಿಯರು ರಾತ್ರಿ ಫೋನ್ ಮಾಡಿ "ಸರ್, ಪೇಶಂಟ್ ಠೀಕ್ ನಹೀ ಲಗ್ ರಹಾ" ಅಂತಾರೆ. ನಿದ್ದೆಗಣ್ಣಿನ ಡಾಕ್ಟರ್ ಬರುತ್ತೇನೆ ಅಂತಾನೆ, ಬರಲ್ಲ. ಅದರ ಬದಲು, "ಬೆಡ್ 14, ಎರಡನೇ ದಿನದ ನ್ಯುಮೋನಿಯಾ, ಬಿಪಿ 80/50, ಪಲ್ಸ್ 128, ಮೂರು ಗಂಟೆಯಿಂದ ಯೂರಿನ್ ಇಲ್ಲ, ನನಗೆ ಸೆಪ್ಸಿಸ್ ಅನ್ನಿಸುತ್ತಿದೆ, ನೀವು ಈಗಲೇ ಬಂದು ನೋಡಬೇಕು" ಅಂದರೆ ಅವನು ಚಪ್ಪಲಿ ಹುಡುಕುತ್ತಾನೆ. ಇದರಲ್ಲಿ ಹುಡುಗಿಯರಿಗೆ ಕಷ್ಟ ಆಗುವುದು ಕೊನೆಯ ಎರಡು. "ನನಗೆ ಅನ್ನಿಸುತ್ತಿದೆ" ಅನ್ನಲು ಅವರಿಗೆ ಯಾರೂ ಕಲಿಸಿಲ್ಲ. ನೀವು ದಿನಾ ಮಧ್ಯಾಹ್ನದ ಓವರ್ ಮುಗಿದ ಮೇಲೆ ಒಬ್ಬಳಿಂದ ಒಂದು ಸಲ ಹೇಳಿಸಿ, ಎರಡು ನಿಮಿಷ ಸಾಕು. ನಡುವೆ ಡಾಕ್ಟರ್ ಬೈದರೆ, ಮಾರನೇ ದಿನ ನೀವೇ ಹೋಗಿ ಡಾಕ್ಟರ್ ಜೊತೆ ಮಾತಾಡಿ. ನೀವು ತಮ್ಮ ಪರ ನಿಂತಿದ್ದನ್ನು ಸ್ಟಾಫ್ ಒಮ್ಮೆ ನೋಡಿದರೆ ಸಾಕು, ಆ ತಿಂಗಳ ಎಲ್ಲ ಸಿಟ್ಟು ಇಳಿಯುತ್ತದೆ.

ರಿಲೇಟಿವ್‌ಗಳು ಕೈ ಎತ್ತಿದರೆ ಏನು ಮಾಡಬೇಕು ಅಂತಲೂ ಎಲ್ಲರಿಗೂ ಗೊತ್ತಿರಲಿ. ಮಹಾರಾಷ್ಟ್ರದಲ್ಲಿ ಇದಕ್ಕೆ 2010ರ ಕಾನೂನು ಇದೆ, ಅದರಲ್ಲಿ ನರ್ಸ್‌ಗಳೂ ಬರುತ್ತಾರೆ, ಜಾಮೀನು ಸಿಗದ ಅಪರಾಧ ಅದು. ಸೆಕ್ಯುರಿಟಿ ನಂಬರ್ ಗೋಡೆ ಮೇಲಿರಲಿ, ಇನ್‌ಚಾರ್ಜ್ ಮುಂದೆ ನಿಲ್ಲಲಿ, ಚಿಕ್ಕವರು ಹಿಂದೆ.

ಮೇಲಿನವರ ಹತ್ತಿರ ಹೋಗುವಾಗ ಕಣ್ಣೀರು ತೆಗೆದುಕೊಂಡು ಹೋಗಬೇಡಿ, ಆ 15, 20, 17ರ ಲೆಕ್ಕ ತೆಗೆದುಕೊಂಡು ಹೋಗಿ. ಒಂದು ಹಾಳೆ ಸಾಕು. ಹೆರಿಗೆ ರಜೆ 26 ವಾರ, ಅದು ಅವರಿಗೂ ಮೊದಲೇ ಗೊತ್ತಿದ್ದದ್ದು, ಬದಲಿ ಯಾಕೆ ಕೊಟ್ಟಿಲ್ಲ ಅಂತ ಕೇಳಿ. ಜೊತೆಗೆ ಇನ್ನೊಂದು ಹಾಳೆ: ಕಳೆದ ಮೂರು ತಿಂಗಳ ಡಬಲ್ ಡ್ಯೂಟಿ, ಬಿಟ್ಟುಹೋದವರು, ಬೆಡ್‌ಸೋರ್, ಬಿದ್ದವರು. ಬೇಕಾದರೆ ಇದನ್ನೂ ಹೇಳಿ: ಲಿಂಡಾ ಏಕನ್ ತಂಡ 2002ರಲ್ಲಿ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಸರ್ಜರಿ ಪೇಶಂಟ್‌ಗಳನ್ನು ನೋಡಿದಾಗ, ಒಬ್ಬ ನರ್ಸಿಗೆ ಒಂದು ಪೇಶಂಟ್ ಜಾಸ್ತಿ ಆದ ಹಾಗೆಲ್ಲ 30 ದಿನದೊಳಗೆ ಸಾಯುವ ಸಂಭವ ಶೇ. 7ರಷ್ಟು ಏರಿತ್ತು. ಅಕೌಂಟ್ಸ್‌ನವರಿಗೆ ಇದು ಅರ್ಥ ಆಗದಿರಬಹುದು, ಮೆಡಿಕಲ್ ಡೈರೆಕ್ಟರಿಗೆ ಆಗುತ್ತದೆ. ಮತ್ತೆ ಕೇಳಲೇಬೇಕಾದ ಇನ್ನೊಂದು: ಬೆಳಗಿನ ಶಿಫ್ಟಿನಲ್ಲಿ ನಿಮಗೆ ಪೇಶಂಟ್ ಅಸೈನ್ ಮಾಡಬಾರದು. ಇನ್‌ಚಾರ್ಜ್ ಕೈಗೆ ಐದು ಪೇಶಂಟ್ ಕೊಟ್ಟ ದಿನ ಆ ವಾರ್ಡಿಗೆ ಇನ್‌ಚಾರ್ಜ್ ಇಲ್ಲ ಅಂತಲೇ ಲೆಕ್ಕ.

ಎಂಬಿಎ? ಈಗ ಬೇಡ. ಮುಂಬೈ ದೇವನಾರಿನ ಟಿಸ್‌ನಲ್ಲಿ (ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಷಿಯಲ್ ಸೈನ್ಸಸ್) ಹಾಸ್ಪಿಟಲ್ ಅಡ್ಮಿನಿಸ್ಟ್ರೇಷನ್ ಮಾಸ್ಟರ್ಸ್ ಇದೆ, ಪುಣೆಯ ಸಿಂಬಯಾಸಿಸ್‌ನಲ್ಲಿ ಹಾಸ್ಪಿಟಲ್ ಎಂಬಿಎ ಇದೆ, ಒಳ್ಳೆ ಕೋರ್ಸ್‌ಗಳೇ. ಆದರೆ ಅವು ನಾಳೆ ನೀವು ಕ್ವಾಲಿಟಿ ಡಿಪಾರ್ಟ್‌ಮೆಂಟಿಗೋ, ಸೂಪರಿಂಟೆಂಡೆಂಟ್ ಹುದ್ದೆಗೋ ಹೋಗಬೇಕು ಅಂದಾಗ. ಟಿಟ್ವಾಲಾದ ಹುಡುಗಿಯ ಲೇಟ್ ಆಗುವಿಕೆಗೆ ಅಲ್ಲಿ ಉತ್ತರ ಸಿಗಲ್ಲ. ನೀವು ಜಿಎನ್‌ಎಂ ಆಗಿದ್ದರೆ ಮೊದಲು ಪೋಸ್ಟ್ ಬೇಸಿಕ್ ಬಿಎಸ್ಸಿ (ಡಿಪ್ಲೊಮಾ ಆದವರು ಮಾಡುವ ನರ್ಸಿಂಗ್ ಪದವಿ) ಮುಗಿಸಿ, ಮುಂದಿನ ಬಾಗಿಲುಗಳು ಅಲ್ಲಿಂದ ತೆರೆಯುತ್ತವೆ. ಅದಕ್ಕಿಂತ ಮೊದಲು ನಿಮ್ಮದೇ ಆಸ್ಪತ್ರೆಯಲ್ಲಿ ಚೆನ್ನಾಗಿ ನಡೆಯುವ ಒಂದು ವಾರ್ಡ್ ಇರುತ್ತದಲ್ಲ, ಸ್ಟಾಫ್ ಬಿಟ್ಟುಹೋಗದ ವಾರ್ಡ್, ಆ ಇನ್‌ಚಾರ್ಜ್ ಹಿಂದೆ ಎರಡು ದಿನ ನೆರಳಿನ ಥರ ಓಡಾಡಲು ಪರ್ಮಿಷನ್ ಕೇಳಿ. ಅವರು ಏನು ಮಾಡುತ್ತಾರೆ ಅನ್ನೋದಕ್ಕಿಂತ ಏನನ್ನು ಮಾಡದೆ ಬಿಡುತ್ತಾರೆ ಅಂತ ನೋಡಿ.

ವಾಪಸ್ ಸ್ಟಾಫ್ ನರ್ಸ್ ಆಗುವ ಮಾತು. ಅದರಲ್ಲಿ ಅವಮಾನ ಏನೂ ಇಲ್ಲ, ನನ್ನ ಜೊತೆಯ ಇಬ್ಬರು ಹಾಗೆ ಮಾಡಿದರು, ಅದರಲ್ಲಿ ಒಬ್ಬಳು ಆಮೇಲೆ ಹೊಸಬರಿಗೆ ವಾರ್ಡಿನಲ್ಲೇ ಕಲಿಸುವ ಕೆಲಸ ಹಿಡಿದು ನಮ್ಮೆಲ್ಲರಿಗಿಂತ ಖುಷಿಯಾಗಿದ್ದಾಳೆ. ಆದರೆ ಮೂರು ಜನ ಕಡಿಮೆ ಇರುವ ವಾರ್ಡಿನಲ್ಲಿ ನಾಲ್ಕು ತಿಂಗಳು ನಡೆಸಿ ನನ್ನಿಂದಾಗಲ್ಲ ಅಂದರೆ ನಾನು ಒಪ್ಪಲ್ಲ. ಆ ಇಬ್ಬರು ವಾಪಸ್ ಬರಲಿ ಅಥವಾ ಬದಲಿ ಸಿಗಲಿ, ಅದಾದ ಮೇಲೆ ಆರು ತಿಂಗಳು ನೋಡಿ. ಆಗಲೂ ಬೆಳಗ್ಗೆ ಎದ್ದಾಗ ಬೆಡ್‌ಸೈಡ್ ಕೆಲಸವೇ ನೆನಪಾಗಿ ಹೊಟ್ಟೆ ಕಿವುಚಿದರೆ, ಬರೆದುಕೊಟ್ಟು ವಾಪಸ್ ಹೋಗಿ, ಸಂಬಳ ಎಷ್ಟು ಇಳಿಯುತ್ತದೆ ಅಂತ ಮೊದಲೇ ಕೇಳಿಕೊಂಡು.

ಅಷ್ಟರಲ್ಲಿ ಬರುವ ತಿಂಗಳ ಡ್ಯೂಟಿ ಲಿಸ್ಟ್ ಹಾಕುವ ಮೊದಲು ಅದರ ಒಂದು ಫೋಟೋ ನನಗೆ ಕಳಿಸಿ. ಹೆಸರು ಅಳಿಸಿ, ಯಾರು ಎಲ್ಲಿಂದ ಬರುತ್ತಾರೆ ಅಂತ ಮಾತ್ರ ಪಕ್ಕದಲ್ಲಿ ಬರೆಯಿರಿ.